ಮಲ್ಲಿಕಾರ್ಜುನಪ್ಪನವರ ಬ್ರೆಜಿಲ್ ಮರ

ಜಾವಳಿ ಹತ್ತಿರದ ತಮ್ಮ ಕಾಫಿ ತೋಟದ ಮೂಲೆಯಲ್ಲಿ, ಎಲೆಯೇ ಇಲ್ಲದ ಮರವೊಂದು ಮೈತುಂಬ ಕೆಂಪು ಹೂ ಬಿಟ್ಟು ನಿಂತದ್ದನ್ನು ಕಂಡ ದಿನ ಮಲ್ಲಿಕಾರ್ಜುನಪ್ಪನವರಿಗೆ ತೋಟ ಕೊಂಡದ್ದು ಸಾರ್ಥಕವಾಯಿತು ಅನ್ನಿಸಿತು. ಹತ್ತಿರ ಹೋಗಿ ಮುಟ್ಟಿದರೆ ಕಾಂಡದ ತುಂಬ ಮುಳ್ಳು. ಬೆರಳಿನಿಂದ ರಕ್ತ ಬಂತು. ಇಷ್ಟು ಬಿಂಕದ ಮರ ಸಾಮಾನ್ಯದ್ದಾಗಿರಲಿಕ್ಕಿಲ್ಲ ಎಂದು ಅವರು ಬೆರಳು ಚೀಪುತ್ತಲೇ ತೀರ್ಮಾನಿಸಿದರು.

ಚಿಕ್ಕಮಗಳೂರಿನಲ್ಲಿ ಮೊಳೆ, ಮುಳ್ಳುತಂತಿ ಮಾರಿಕೊಂಡಿದ್ದ ಅಂಗಡಿಯವರು ಅವರು. ತೋಟಗಾರರಾಗಿ ಕಂಡ ಮಳೆಗಾಲ ಕಡಿಮೆ. ಸಿಲ್ವರ್ ಮರ ಒಂದನ್ನು ಬಿಟ್ಟರೆ ಉಳಿದವೆಲ್ಲ ಅವರ ಪಾಲಿಗೆ ಬರೀ ನೆರಳು. ಬೇಲಿಯ ವಿಷಯ ಮಾತ್ರ ಚೆನ್ನಾಗಿ ಗೊತ್ತಿತ್ತು. ತೋಟ ಕೊಂಡ ವರ್ಷವೇ ತಮ್ಮ ಅಂಗಡಿಯ ತಂತಿ ತರಿಸಿ ಹೊಸ ಬೇಲಿ ಹಾಕಿಸಿದರು. ಆ ಬೇಲಿ ಪಕ್ಕದ ಸಣ್ಣ ಹಿಡುವಳಿಯ ಸುರೇಂದ್ರನ ಕಡೆಗೆ ಸ್ವಲ್ಪ ನಡೆದುಹೋಯಿತು. ನಡೆದದ್ದು ಸ್ವಲ್ಪವೇ, ಆದರೆ ಬೇಸಿಗೆಯಲ್ಲೂ ಬತ್ತದ ಅವನ ಒರತೆಯನ್ನು ದಾಟಿ ಹೋಗಿ ನಿಂತಿತು. ಬೇಲಿಯೇ ಎದ್ದು ಹೊಲ ಮೇಯುತ್ತದೆಂದು ಗಾದೆ. ಇದು ನೀರನ್ನೂ ಕುಡಿಯಿತು.

ಸುರೇಂದ್ರ ಪಂಚಾಯ್ತಿ ಸೇರಿಸಿದ. "ನಮ್ಮಪ್ಪ ಹಾಲುವಾಣದ ಗೂಟ ನೆಟ್ಟು ಬೇಲಿ ಮಾಡಿದ್ರು. ಒರತೆ ನಮ್ ಕಡೆಗಿತ್ತು" ಎಂದ. ಆ ಗೂಟಗಳು ಚಿಗುರಿ ಮರವಾಗಿ, ರೋಗ ಬಂದು ಒಣಗಿ, ಉಳಿದವನ್ನು ಹೊಸ ಬೇಲಿ ಹಾಕುವಾಗ ಮಲ್ಲಿಕಾರ್ಜುನಪ್ಪ ಆಳುಗಳ ಕೈಲಿ ಬುಡಕ್ಕೇ ಕಡಿಸಿ ಆಗಿತ್ತು. ಹಾಲುವಾಣ ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ; ಇಲ್ಲ ಎಂಬುದು ಮಾತ್ರ ಗೊತ್ತಿತ್ತು. "ನನ್ ತೋಟದಲ್ಲಿ ಒಂದೇ ಒಂದು ಹಾಲುವಾಣ ತೋರ್ಸ್ಲಿ, ಬೇಲಿ ಕಿತ್ತು ಒರತೆ ಬಿಟ್ಕೊಡ್ತೀನಿ. ದೇವರಾಣೆ!" ಎಂದರು. ಪಂಚಾಯ್ತಿಯ ಹಿರಿಯ ಕಲ್ಲೇಶ್ ತೋಟ ಸುತ್ತಿ, ಲಂಟಾನದ ಪೊದೆ ಮಾತ್ರ ಕಂಡು ಹಿಂತಿರುಗಿದರು. ಅಂದಿನಿಂದ ಸುರೇಂದ್ರನ ಹೆಂಡತಿ ರೇವತಿ ಬೇಸಿಗೆಯುದ್ದಕ್ಕೂ ಕೆಳಗಿನ ಹಳ್ಳದಿಂದ ನೀರು ಹೊರುತ್ತಿದ್ದಳು.

ಈಗ ಮಗಳು ರಶ್ಮಿ ಹೂವನ್ನು ಮೊಬೈಲಿಗೆ ತೋರಿಸಿದಳು. ಅದು ನಾಲ್ಕಾರು ಹೆಸರು ಹೇಳಿ, ಯಾವುದೂ ಖಚಿತವಲ್ಲ ಎಂದಿತು. ಮಲ್ಲಿಕಾರ್ಜುನಪ್ಪ ಅವುಗಳಲ್ಲಿ ಎಲ್ಲಕ್ಕಿಂತ ದೂರದ್ದನ್ನು ಆರಿಸಿಕೊಂಡರು: ಬ್ರೆಜಿಲ್. ಯಾವುದೋ ಬಿಳಿ ದೊರೆ ಹಡಗಿನಲ್ಲಿ ತಂದು ನೆಟ್ಟಿರಬೇಕು ಎಂಬ ಕಥೆಯೂ ಊಟದ ಹೊತ್ತಿಗೆ ತಯಾರಾಯಿತು.

ಬೇಲಿಯಾಚೆ ಸುರೇಂದ್ರ ಕಂಡ. ಗೆದ್ದವರಿಗೆ ಬರುವ ಔದಾರ್ಯ ಅವರಿಗೂ ಬಂತು.

"ಏ ಸುರೇಂದ್ರ, ಬಾರಯ್ಯ. ಇಂಥ ಮರ ಎಲ್ಲಾದ್ರೂ ನೋಡಿದ್ದೀಯಾ?"

ಸುರೇಂದ್ರ ತಲೆಯೆತ್ತಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬುಡದ ಲಂಟಾನ ಸರಿಸಿ ಅಲ್ಲಿಯೂ ನೋಡಿದ. ಕೆಮ್ಮು ಬಂತೋ ಏನೋ, ಟವೆಲಿನಿಂದ ಬಾಯಿ ಮುಚ್ಚಿಕೊಂಡ.

"ನಮ್ಗೆ ಎಂಥ ಗೊತ್ತಾಗ್ತದೆ ಸಾವ್ಕಾರ್ರೇ. ಇದಕ್ಕೆಲ್ಲ ಓದಿದವ್ರೇ ಆಗ್ಬೇಕು. ನಾಕು ಜನರ ಎದುರಿಗೇ ಹೇಳ್ಸಿ. ಒಂದು ಬೋರ್ಡೂ ಹಾಕ್ಸಿ. ಕಲ್ಲೇಶಣ್ಣನ್ನ ಕರೆಯೋದು ಮರೀಬೇಡಿ."

ಎಂಥ ಒಳ್ಳೆಯ ಮನುಷ್ಯ, ಸುಮ್ಮನೆ ಜಗಳವಾಡಿದೆನಲ್ಲ ಎಂದು ಮಲ್ಲಿಕಾರ್ಜುನಪ್ಪನವರ ಕರುಳು ಚುರುಕ್ ಎಂದಿತು. ಒರತೆ ಬಿಟ್ಟುಕೊಡುವಷ್ಟು ಚುರುಕ್ ಅನ್ನಲಿಲ್ಲ.

ಭಾನುವಾರ ಮರದಡಿ ಶಾಮಿಯಾನ ಎದ್ದಿತು. ಪಂಚಾಯ್ತಿಯವರೆಲ್ಲ ಬಂದು ಕೇಸರಿಬಾತಿನ ತಟ್ಟೆ ಹಿಡಿದು ಕುಳಿತರು. 'ಬ್ರೆಜಿಲ್ ದೇಶದ ಅಪರೂಪದ ವೃಕ್ಷ. ರಕ್ಷಕರು: ಮಲ್ಲಿಕಾರ್ಜುನಪ್ಪನವರು' ಎಂಬ ಬೋರ್ಡಿಗೆ ಪರದೆ ಇಳಿಬಿಟ್ಟಿತ್ತು. ಪರದೆ ಸರಿಸಲು ಬಂದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಗಿರಿಜಾಂಬಾ. ಸರಿಸಿದರು, ಓದಿದರು, ಮರ ನೋಡಿದರು, ನಕ್ಕುಬಿಟ್ಟರು.

"ಯಾರ್ರೀ ಬ್ರೆಜಿಲ್ ಅಂದಿದ್ದು? ಇದು ನಮ್ಮ ಹಾಲುವಾಣ! ತೋಟದಲ್ಲಿ ನೆರಳು ಜಾಸ್ತಿ ಅಂತ ವರ್ಷಾ ವರ್ಷಾ ಕೊಂಬೆ ಕಡೀತೀರಲ್ಲ, ಹೂ ಎಲ್ಲಿಂದ ಕಾಣ್ಬೇಕು? ಬುಡಕ್ಕೆ ಕಡಿದ್ರೂ ಚಿಗುರೋ ಜಾತಿ ಇದು."

ಗಿರಿಜಾಂಬಾ ಅವರಿಗೆ ಹಾಕಲೆಂದು ತಂದ ಹಾರ ಮಲ್ಲಿಕಾರ್ಜುನಪ್ಪನವರ ಕೈಯಲ್ಲೇ ಉಳಿಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಹಕ್ಕಿಪಕ್ಕಿ ಬೀಜ ಬೀಳ್ಸಿರ್ಬೌದು ಮೇಡಂ" ಎಂದರು.

ಗಿರಿಜಾಂಬಾ ಬಗ್ಗಿ ಬುಡ ತೋರಿಸಿದರು. ತುಕ್ಕು ಹಿಡಿದ ಹಳೆಯ ಬೇಲಿತಂತಿಯ ತುಂಡೊಂದನ್ನು ಮರ ತೊಗಟೆಯೊಳಗೆ ನುಂಗಿಕೊಂಡಿತ್ತು. "ತಂತಿನೂ ಹಕ್ಕಿನೇ ಕಟ್ಟಿತಾ?"

ಕಲ್ಲೇಶ್ ತಟ್ಟೆ ಕೆಳಗಿಟ್ಟರು. "ಮಲ್ಲಿಕಾರ್ಜುನಪ್ಪನವ್ರೇ, ಅವತ್ತು ದೇವರಾಣೆ ಅಂತಾನೂ ಅಂದಿದ್ರಿ."

ಸುರೇಂದ್ರ ಮುಳ್ಳನ್ನು ಲೆಕ್ಕಿಸದೆ ಅಪ್ಪ ನೆಟ್ಟ ಗೂಟದ ಮೇಲೆ ಕೈಯಿಟ್ಟು ನಿಂತಿದ್ದ. ನಗಬೇಕೆಂದು ಬಂದವನಿಗೆ ಕಣ್ಣು ತುಂಬಿ ಬಂದಿತ್ತು. ಸುಧಾರಿಸಿಕೊಂಡು ಹೇಳಿದ: "ಸಾವ್ಕಾರ್ರೇ, ಬೋರ್ಡು ಮಾತ್ರ ಕೀಳ್ಬೇಡಿ. ಒಂದು ಬೇಲಿಗೂಟಕ್ಕೆ ಇಷ್ಟು ಮರ್ಯಾದೆ ಯಾರು ಮಾಡ್ತಾರೆ? ಹೆಸ್ರು ನಿಮ್ದೇ ಇರ್ಲಿ."

ಹೊಸ ಬೇಲಿಯ ಆಚೆ ರೇವತಿ ಕೊಡ ಹಿಡಿದು ಬೆಳಗಿನಿಂದಲೇ ಕಾಯುತ್ತಿದ್ದಳು.

"ಬೇಲಿ ಕೀಳೋದು ನಾಳೆ ಆಗ್ಲಿ ಸಾವ್ಕಾರ್ರೇ. ಈಗ ಆ ತಂತಿ ಒಂಚೂರು ಎತ್ತಿ ಹಿಡೀರಿ, ಒರತೆಗೆ ನುಸುಳ್ತೀನಿ" ಎಂದಳು.

ಮಲ್ಲಿಕಾರ್ಜುನಪ್ಪ ಹಾರವನ್ನು ತೋಳಿಗೆ ಸಿಕ್ಕಿಸಿಕೊಂಡು ತಂತಿ ಎತ್ತಿದರು. ಅವರದೇ ಅಂಗಡಿಯ ಮಾಲು, ಒಳ್ಳೆಯ ಗಟ್ಟಿ, ಸುಲಭಕ್ಕೆ ಏಳಲಿಲ್ಲ.