ನಾಲ್ಕನೆಯ ಬ್ಯಾಟರಿ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಅವರನ್ನು ಬ್ಯಾಟರಿಯವರು ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬ್ಯಾಟರಿ ಕೋಣೆ ಕಾದ ಆ ಮನುಷ್ಯನಿಗೆ ಹೊಸ ಸಾಹೇಬನಾಗಿ ಬಂದು ವಕ್ಕರಿಸಿದವನು ಸ್ವಂತ ಭಾವಮೈದುನ. ಮನೆಯಲ್ಲಿ ಬಾಯ್ತುಂಬ "ಭಾವ" ಎನ್ನುವವನು ಆಫೀಸಿನಲ್ಲಿ "ರೀ, ಇಲ್ಲಿ ಬನ್ನಿ" ಎನ್ನುತ್ತಿದ್ದ.

ಆವತ್ತು ಮಧ್ಯಾಹ್ನ ಕೋಣೆಯ ಬಾಗಿಲು ತೆಗೆದರೆ ಬ್ಯಾಟರಿಗಳು ಮೂರೇ. ಅವರು ಉರಿಯುತ್ತ ಸಾಹೇಬನ ಮೇಜಿನ ಮುಂದೆ ಹೋಗಿ ನಿಂತರು.

"ನಾಲ್ಕನೇದು ಎಲ್ಲಿ ಸಾರ್?"

"ಪಕ್ಕದ ಹಾಲ್‌ನಲ್ಲಿ ಮೀಟಿಂಗು. ಮೈಕಿಗೆ ಬೇಕಿತ್ತು, ಕಳಿಸಿದೆ. ಇನ್ನೂ ಮೂರಿದೆಯಲ್ಲ, ಮುಕ್ಕಾಲು ಹೊತ್ತು ಬರುತ್ತೆ."

"ಒಂದೊಂದು ಹನ್ನೆರಡು ವೋಲ್ಟು, ನಾಲ್ಕೂ ಸೇರಿ ನಲವತ್ತೆಂಟು. ಸಾಲಾಗಿ ಒಂದಕ್ಕೊಂದು ಕಟ್ಟಿರೋದು. ಒಂದು ಕಿತ್ತರೆ ಮುಕ್ಕಾಲಲ್ಲ, ಸೊನ್ನೆ."

"ಗೋಡೆಯಲ್ಲೇ ಇನ್ನೂರಮೂವತ್ತು ವೋಲ್ಟ್ ಕರೆಂಟ್ ಇದೆ. ಈ ಜುಜುಬಿ ನಲವತ್ತೆಂಟು ಯಾಕ್ರೀ?"

ಬ್ಯಾಟರಿಯವರು ಇದನ್ನು ಹಿಂದೆಯೂ ಹತ್ತು ಸಲ ಹೇಳಿದ್ದರು. ಆದರೂ ಹೇಳಿದರು. "ಗೋಡೆಯ ಕರೆಂಟು ಎಸಿ, ಅದನ್ನ ಕೂಡಿಡೋಕೆ ಆಗಲ್ಲ ಸಾರ್. ಬ್ಯಾಟರಿ ಕೂಡಿಡೋದು ಡಿಸಿ, ನಮ್ಮ ಯಂತ್ರಕ್ಕೆ ಬೇಕಾಗಿರೋದೂ ಡಿಸಿ. ಮಧ್ಯೆ ದಲ್ಲಾಳಿ ಇಲ್ಲ. ಕರೆಂಟ್ ಹೋದರೂ ಯಂತ್ರಕ್ಕೆ ಗೊತ್ತೇ ಆಗಲ್ಲ. ಇದೇ ವೋಲ್ಟು ಫೋನಿನ ತಂತಿಯಲ್ಲಿ ಮನೆಮನೆಗೂ ಹೋಗುತ್ತೆ. ಕಮ್ಮಿ ಇರೋದಕ್ಕೇ ಮುಟ್ಟಿದವರು ಬದುಕಿದಾರೆ."

"ಪಾಠ ಸಾಕು. ಸಂಜೆ ವಾಪಸ್ ಬರುತ್ತೆ."

ಸಂಜೆಯವರೆಗೆ ಕಾಯುವ ಸ್ಥಿತಿ ಅವರದ್ದಾಗಿರಲಿಲ್ಲ. ಮನೆಯಲ್ಲಿ ಮಗಳು ತುಂಬು ಬಸುರಿ. "ನೋವು ಶುರುವಾದರೆ ಆಂಬುಲೆನ್ಸಿಗೆ ಫೋನ್ ಮಾಡು. ದೀಪ ಆರಬಹುದು, ನಮ್ಮ ಫೋನ್ ಆರಲ್ಲ" ಎಂದು ಬೆಳಿಗ್ಗೆ ಹೆಂಡತಿಗೆ ಜಂಬದಿಂದ ಹೇಳಿ ಬಂದಿದ್ದರು. ಈಗ ಆ ಜಂಬ ನೆನೆದು ಬ್ಯಾಟರಿ ತರಲು ತಾವೇ ಹಾಲ್‌ಗೆ ಓಡಿದರು.

ಅವರು ಹಾಲ್‌ನ ಹೊಸ್ತಿಲು ದಾಟುವಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನುಗಳು ನಿಂತವು. ಪಕ್ಕದ ಎಕ್ಸ್‌ಚೇಂಜು ಸತ್ತಿತು. ಮೈಕು ಮಾತ್ರ ಆರಾಮಾಗಿತ್ತು. ಸಾಹೇಬರೊಬ್ಬರು ಅದರಲ್ಲಿ ಅಡೆತಡೆಯಿಲ್ಲದ ಸೇವೆಯ ಬಗ್ಗೆ ಕೊರೆಯುತ್ತಲೇ ಇದ್ದರು. ಬ್ಯಾಟರಿಯವರು ಯಾರ ಮುಖವನ್ನೂ ನೋಡದೆ ವೈರು ಕಿತ್ತು, ಬ್ಯಾಟರಿಯನ್ನು ಎದೆಗವಚಿಕೊಂಡು ಹೊರಟರು.

ಸ್ಪ್ಯಾನರ್ ಹಿಡಿದು ಬೋಲ್ಟು ಬಿಗಿದು, ಸತ್ತ ಯಂತ್ರವನ್ನು ಎಬ್ಬಿಸಿ ನಿಲ್ಲಿಸಲು ಒಂದೂವರೆ ಗಂಟೆ ಹಿಡಿಯಿತು. ಮರುಗಳಿಗೆಯೇ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು.

ಹೆಂಡತಿ. ಆಸ್ಪತ್ರೆಯ ಫೋನಿನಲ್ಲಿ ಅಳುತ್ತಿದ್ದಳು. "ರೀ, ಫೋನ್ ಸತ್ತೇ ಹೋಗಿತ್ತು. ಬೀದಿಗೆ ಓಡಿ ತರಕಾರಿ ವ್ಯಾನ್ ನಿಲ್ಲಿಸಿದೆ. ಆಸ್ಪತ್ರೆ ಬಾಗಿಲಲ್ಲೇ ಹೆರಿಗೆ ಆಯ್ತು. ಇಬ್ಬರೂ ಚೆನ್ನಾಗಿದಾರೆ. ಆದರೆ ಫೋನ್ ಆರಲ್ಲ ಅಂದಿದ್ರಲ್ಲ, ಯಾಕೆ ಹಿಂಗಾಯ್ತು?"

ಬ್ಯಾಟರಿಯವರು ಗೋಡೆಗೊರಗಿ ಕಣ್ಣೊರೆಸಿಕೊಂಡರು. ಸಾಹೇಬ ಬಾಗಿಲಲ್ಲಿ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಅವರು ರಿಸೀವರನ್ನು ಅವನತ್ತ ಚಾಚಿದರು.

"ನಿಮ್ಮಕ್ಕ ಕೇಳ್ತಿದಾಳೆ. ನೀವೇ ಹೇಳಿ ಸಾರ್."

ಅವನು ರಿಸೀವರ್ ತಗೊಂಡ. ಅದನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಕೇಳಿದ.

"ಏನಂತ ಹೇಳಲಿ, ಭಾವ?"