ಫ್ರಿಜ್ಜಿನ ಬಾಗಿಲಲ್ಲಿ ಏಳು ಬಾಟಲಿ

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ಅಡುಗೆ ಬರುತ್ತದೆ, ಆಮೇಲೆ ಜನ ಬರುತ್ತಾರೆ. ಭಾನುವಾರ ಚರ್ಚಿನ ಪ್ರಾರ್ಥನೆಯ ಪಟ್ಟಿಗೆ ಹೆಸರು ಸೇರಿತು ಎಂದರೆ ಸೋಮವಾರ ಮಧ್ಯಾಹ್ನದೊಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಗಾಜಿನ ಬೋಗುಣಿಗಳು ಕೂತಿರುತ್ತವೆ. ಬೋಗುಣಿಯ ತಳಕ್ಕೆ ಬಿಳಿ ಟೇಪು, ಟೇಪಿನ ಮೇಲೆ ಕೊಟ್ಟವರ ಹೆಸರು. ತಿಂದು, ತೊಳೆದು, ಪೂರ್ತಿ ಖಾಲಿ ಮಾಡಿದ್ವಿ ಎಂದು ಹೇಳಿ ವಾಪಸು ಕೊಡಬೇಕು. ನಿಜವಾಗಿ ತಿಂದರೋ ನಾಯಿಗೆ ಹಾಕಿದರೋ ಎಂದು ಯಾರೂ ಕೆದಕುವುದಿಲ್ಲ, ಆದರೆ ಆ ಮಾತು ಹೇಳಲೇಬೇಕು. ಕೆಂಟಕಿಯ ಈ ಮೂಲೆಯಲ್ಲಿ ಅದನ್ನು ಹೇಳದೆ ಬೋಗುಣಿ ಹಿಂತಿರುಗಿಸಿದವರನ್ನು ನನ್ನ ಅರವತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ.

ಹೊಗೆಸೊಪ್ಪು ಹೋಗಿ ಹೆಂಪ್ ಬಂದ ಮೇಲೆ ಬೋಗುಣಿಯ ಪಕ್ಕ ಒಂದು ಪುಟ್ಟ ಕಂದು ಬಾಟಲಿಯೂ ಬರತೊಡಗಿತು. ಹೆಂಪ್ ಎಂದರೆ ಭಂಗಿ ಗಿಡದ ಜಾತಿಯೇ, ಆದರೆ ಮತ್ತೇರಿಸುವುದಿಲ್ಲ. ನಮ್ಮಪ್ಪ ಹೊಗೆಸೊಪ್ಪು ಒಣಗಿಸುತ್ತಿದ್ದ ಕಪ್ಪು ಶೆಡ್ಡಿನ ತೊಲೆಗಳಿಗೇ ಈಗ ನಾನು ಹೆಂಪನ್ನು ತಲೆಕೆಳಗಾಗಿ ಕಟ್ಟುತ್ತೇನೆ. ಹೂವಿನಿಂದ ಸಾರ ತೆಗೆಸಿ, ಎಣ್ಣೆಯಲ್ಲಿ ಬೆರೆಸಿ, ಬಾಟಲಿ ತುಂಬುತ್ತೇನೆ. ಅಕ್ಕಪಕ್ಕದ ಆರೇಳು ಮನೆಯವರೂ ಇದೇ ಕಸುಬು ಮಾಡುತ್ತಾರೆ. ಎಲ್ಲರಿಗೂ ತಮ್ಮ ತಮ್ಮ ಎಣ್ಣೆಯೇ ಎಣ್ಣೆ. ನಾನೂ ಅದಕ್ಕೆ ಹೊರತಲ್ಲ.

ನನ್ನ ಅಕ್ಕ ಗ್ಲೆನ್ನಾಗೆ ಹೊಟ್ಟೆಯೊಳಗೆ ಗಡ್ಡೆ ಎಂದು ಗೊತ್ತಾದದ್ದು ಮಾರ್ಚಿನಲ್ಲಿ. ಮೂರು ವಾರಕ್ಕೊಮ್ಮೆ ಕಿಮೋ ಎಂದರು. ಮೊದಲ ಸುತ್ತಿನಲ್ಲಿ ವಾಂತಿ ಬರದಿರಲಿ ಎಂದು ಆಸ್ಪತ್ರೆಯ ಮಾತ್ರೆಯ ಜೊತೆಗೆ ನನ್ನ ಒಂದು ಬಾಟಲಿ ಕೊಟ್ಟಿದ್ದೆ, ಬರೀ ಸಿಬಿಡಿ. ಆ ಗಿಡದಲ್ಲಿರುವ ನೂರಾರು ಸಾರಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅದೇ. ಡಾಕ್ಟರನ್ನು ಕೇಳಿಯೇ ಕೊಟ್ಟದ್ದು, ಅವರು ಫೈಲಿನಲ್ಲಿ ಬರೆದುಕೊಂಡು ಸರಿ ಎಂದಿದ್ದರು. ಗ್ಲೆನ್ನಾ ಸಪ್ಪೆಯಾಗಿದ್ದಳು, ಆದರೆ ತಿನ್ನುತ್ತಿದ್ದಳು. ಎರಡನೆಯ ಸುತ್ತು ಬಂದಾಗ ಎಲ್ಲ ಕೆಟ್ಟಿತು. ಬೆಳಗ್ಗೆ ತಿಂದದ್ದು ಹತ್ತು ಗಂಟೆಗೆ ಹೊರಗೆ, ಮಧ್ಯಾಹ್ನ ತಿಂದದ್ದು ಮೂರಕ್ಕೆ ಹೊರಗೆ. ನೂರ ಹದಿನೆಂಟು ಪೌಂಡ್ ಇದ್ದವಳು ನೂರ ಎಂಟಕ್ಕೆ ಇಳಿದಳು. ನೂರೈದರ ಕೆಳಗೆ ಹೋದರೆ ಮೂರನೆಯ ಸುತ್ತು ಕೊಡುವುದಿಲ್ಲ, ಮೈ ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಗಡ್ಡೆಗೆ ಬಿಡುವು ಕೊಟ್ಟರೆ ಅದು ಸುಮ್ಮನೆ ಕೂರುತ್ತದೆಯೇ? ಮುಂದಿನ ತೂಕಕ್ಕೆ ಹನ್ನೊಂದು ದಿನ ಇತ್ತು.

ಆವತ್ತೇ ಅವಳ ಫ್ರಿಜ್ಜಿನ ಬಾಗಿಲು ತೆರೆದು ಸರಿಯಾಗಿ ನೋಡಿದೆ. ಸಾಸಿವೆ ಡಬ್ಬಿ, ಉಪ್ಪಿನಕಾಯಿ ಇರುತ್ತಿದ್ದ ಜಾಗದಲ್ಲಿ ಏಳು ಕಂದು ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಬಿಳಿ ಟೇಪು, ಟೇಪಿನ ಮೇಲೆ ಹೆಸರು.

"ಇಷ್ಟೂ ಕುಡೀತಿದೀಯಾ?" ಎಂದೆ.

"ಒಂದೊಂದು ಡ್ರಾಪರ್ ಅಷ್ಟೆ. ಸೇಬಿನ ಗೊಜ್ಜಿಗೆ ಹಾಕ್ಕೊಂಡು."

"ಏಳೂನಾ? ಡಾಕ್ಟರಿಗೆ ಹೇಳಿದೀಯಾ?"

"ಅವ್ರು ಒಂದು ಬರ್ಕೊಂಡಿದಾರಲ್ಲ. ಕೊಟ್ಟವ್ರು ಬಂದು ಕೇಳ್ತಾರೆ ಕಣೆ, ಹೆಂಗಿತ್ತು ಮಿಸ್ ಗ್ಲೆನ್ನಾ ಅಂತ. ಮುಟ್ಟಿಲ್ಲ ಅನ್ಲಾ?"

ಇದು ಬೋಗುಣಿಯ ಮರ್ಯಾದೆ. ಗ್ಲೆನ್ನಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿದವಳು. ತಟ್ಟೆಯಲ್ಲಿ ಬಿಟ್ಟು ಎದ್ದ ಮಕ್ಕಳನ್ನು ಅವಳು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು, ಅವರು ಮತ್ತೆ ಕೂರುತ್ತಿದ್ದರು. ಯಾರೋ ಕೈಯಾರೆ ಮಾಡಿ ತಂದದ್ದನ್ನು ಬೇಡ ಎನ್ನುವುದು ಅವಳ ಜಾಯಮಾನದಲ್ಲಿಲ್ಲ. ಪಲ್ಯ, ಪೈ, ಔಷಧಿ, ಎಲ್ಲವೂ ಅವಳಿಗೆ ಒಂದೇ ಲೆಕ್ಕ.

ಬಾಟಲಿಗಳ ಜೊತೆ ಬಂದಿದ್ದ ಪರೀಕ್ಷೆಯ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ. ಯಾವುದರಲ್ಲಿ ಯಾವ ಸಾರ ಎಷ್ಟು ಎಂದು ಅದರಲ್ಲಿ ಇರುತ್ತದೆ, ಓದಲು ನನಗೆ ಬರುತ್ತದೆ. ಐದು ಬಾಟಲಿಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಬರೀ ಸಿಬಿಡಿ. ವನೀಟಾ ಬೀಸ್ಲಿಯ ಬಾಟಲಿಯಲ್ಲಿ ಸಿಬಿಎನ್ ಎಂಬ ಇನ್ನೊಂದು ಸಾರ ಬೇಕಾದಷ್ಟಿತ್ತು. ಹೂವು ಹಳತಾದಾಗ ಹುಟ್ಟುವಂಥದ್ದು ಅದು, ನಿದ್ದೆಗೆ ಒಳ್ಳೆಯದು ಎಂದು ಮಾರುತ್ತಾರೆ. ಏಳನೆಯದು ನನ್ನದು.

ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಯಾಕೆ ಸುಳ್ಳು ಹೇಳಲಿ, ಖುಷಿಯೂ ಆಯಿತು. ಚರ್ಚಿನ ಅಡುಗೆ ಪುಸ್ತಕದಲ್ಲಿ ನಮ್ಮಮ್ಮನ ಜೋಳದ ಪುಡಿಂಗನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡವಳು ಈ ವನೀಟಾ. ಹತ್ತೊಂಬತ್ತು ವರ್ಷವಾಯಿತು, ನಾನು ಮರೆತಿಲ್ಲ. ಅವಳ ಬಾಟಲಿಯನ್ನು ಎತ್ತಿ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಜನರೆದುರು, "ಹಳಸಿದ ಹೂವಿಂದ ಮಾಡಿದ ಎಣ್ಣೆ ಕುಡಿಸಿದ್ರೆ ವಾಂತಿ ಆಗದೆ ಇನ್ನೇನಾಗುತ್ತೆ" ಎಂದೂ ಅಂದುಬಿಟ್ಟೆ. ವನೀಟಾ ಎರಡು ಹೆಜ್ಜೆ ಆಚೆ ನಿಂತಿದ್ದಳು. ನೆಟ್ಟಗೆ ಹೋಗಿ ಕಾರು ಹತ್ತಿದಳು.

ಗ್ಲೆನ್ನಾಳ ವಾಂತಿ ನಿಲ್ಲಲಿಲ್ಲ. ಮಂಗಳವಾರ ಮನೆಯ ತೂಕದ ಯಂತ್ರ ನೂರ ಆರೂವರೆ ತೋರಿಸಿತು. ಉಳಿದ ಐದು ಬಾಟಲಿಗಳನ್ನೂ ತೆಗೆದೆ. ನನ್ನದೊಂದೇ ಉಳಿಯಿತು. ಮೊದಲ ಸುತ್ತಿನಲ್ಲಿ ಕೈ ಹಿಡಿದದ್ದು ನನ್ನ ಎಣ್ಣೆಯೇ ತಾನೆ, ಈಗಲೂ ಹಿಡಿಯುತ್ತದೆ ಎಂಬ ಧೈರ್ಯ. ಶುಕ್ರವಾರಕ್ಕೆ ನೂರೈದು ಮುಕ್ಕಾಲು. ಮೂರು ಚಮಚ ಸಾರು ಕುಡಿದು ಬಚ್ಚಲಿಗೆ ಓಡಿದಳು. ನಾನು ಬಾಗಿಲಾಚೆ ಟವೆಲು ಹಿಡಿದು ನಿಂತು ಅತ್ತೆ, ಅವಳಿಗೆ ಕೇಳದ ಹಾಗೆ.

ಆಮೇಲೆ ಔಷಧಿ ಅಂಗಡಿಯ ರಾಯ್ಸ್ ಪ್ರೂಯಿಟ್ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ತೊಟ್ಟಿಲ ಮಗುವಾಗಿದ್ದಾಗಿಂದ ಅವನನ್ನು ನೋಡಿದ್ದೇನೆ, ಈಗ ಅವನಿಗೇ ಗಡ್ಡ ಬೆಳ್ಳಗಾಗಿದೆ. ಏಳು ಬಾಟಲಿಯ ಕಥೆ ಕೇಳಿ ಅವನು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ.

"ಮಿಸ್ ಆರ್ಲೀನ್, ಕಿಮೋ ತಗೊಳ್ಳೋರ ಲಿವರ್ ಮೇಲೆ ಏಳು ಜನ ಸೇರಿ ಕೂತಿದೀರಲ್ಲ."

"ಆರು ತೆಗ್ದಿದೀನಿ. ನಂದೊಂದೇ ಇರೋದು. ಹೋದ್ಸಲ ಅದೇ ಕೆಲ್ಸ ಮಾಡಿದ್ದು."

"ಅದೇ ಬಾಟ್ಲಿನಾ?"

"ಅದೇ. ಅದಕ್ಕಿಂತ ಚೆನ್ನಾಗಿ ಮಾಡಿದೀನಿ."

"ಚೆನ್ನಾಗಿ ಅಂದ್ರೆ?"

ಹೇಳಿದೆ. ಹೋದ ವರ್ಷ ಹೊಸ ತಳಿ ಹಾಕಿದ್ದೆ. ಅದರಲ್ಲಿ ಸಿಬಿಜಿ ಎಂಬ ಸಾರ ಜಾಸ್ತಿ. ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದವಳು ನಾನು, ಒಂದೇ ಎಲೆಯಿಂದ ಒಳ್ಳೆಯ ಸರಕಾಗುವುದಿಲ್ಲ, ಬೆರಕೆಯಲ್ಲಿದೆ ಗುಟ್ಟು ಎಂದು ಅಪ್ಪ ಎಲೆ ಮೂಸುತ್ತ ಹೇಳುತ್ತಿದ್ದುದನ್ನು ಕೇಳಿ ಬೆಳೆದವಳು. ಅರ್ಧ ಸಿಬಿಡಿ, ಅರ್ಧ ಸಿಬಿಜಿ ಬೆರೆಸಿದೆ. ಎರಡು ಸೇರಿದರೆ ಎರಡು ಪಟ್ಟು ಗುಣ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಎರಡನೆಯ ಸುತ್ತಿಗೆ ಮುಂಚೆ ಹಳೆಯ ಬಾಟಲಿ ತೆಗೆದು ಇದನ್ನು ಇಟ್ಟೆ. ಸ್ವಂತ ತಂಗಿಯದು ಎಂದು ಗ್ಲೆನ್ನಾ ದಿನಾ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಅದನ್ನೇ ತಗೊಳ್ಳುತ್ತಿದ್ದಳು.

ರಾಯ್ಸ್ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಏನೋ ಹುಡುಕಿದ.

"ಒಂದು ಹಳೇ ಪ್ರಯೋಗ ಇದೆ," ಎಂದ. "ಇಲಿ ಮೇಲೆ, ಸುಂಡಿಲಿ ಮೇಲೆ ಮಾಡಿರೋದು. ಇಲಿಗೆ ವಾಂತಿ ಬರಲ್ಲ, ಬಾಯಿ ತೆರ್ಕೊಂಡು ಮುಖ ಸಿಂಡರಿಸ್ತವೆ, ಅದನ್ನೇ ಎಣಿಸ್ತಾರೆ. ಸುಂಡಿಲಿ ವಾಂತಿ ಮಾಡ್ಕೊಳ್ಳುತ್ತೆ. ಬರೀ ಸಿಬಿಡಿ ಕೊಟ್ಟಾಗ ಹೊಟ್ಟೆ ತೊಳೆಸೋದು ಕಡಿಮೆ ಆಯ್ತು. ಮೊದ್ಲು ಸಿಬಿಜಿ ಕೊಟ್ಟು ಆಮೇಲೆ ಸಿಬಿಡಿ ಕೊಟ್ರೆ, ಸಿಬಿಡಿ ಕೆಲ್ಸಾನೇ ಮಾಡ್ಲಿಲ್ಲ."

"ಎರಡೂ ಒಂದೇ ಗಿಡದಲ್ಲಿ ಇರೋದಲ್ವೇನೋ? ಅಲ್ಲಿ ಹೊಂದ್ಕೊಂಡು ಇರ್ತವಲ್ಲ."

"ನೀವೂ ಮಿಸ್ ವನೀಟಾನೂ ನಲವತ್ತು ವರ್ಷದಿಂದ ಒಂದೇ ಚರ್ಚಲ್ಲಿ ಇದೀರ."

ನನಗೆ ನಗು ಬರಲಿಲ್ಲ. "ಹಂಗಾದ್ರೆ ಇದು ನನ್ನಿಂದಾನೇ?"

"ಗೊತ್ತಿಲ್ಲ. ಅದು ಸುಂಡಿಲಿ, ಇವ್ರು ಮಿಸ್ ಗ್ಲೆನ್ನಾ. ಮನುಷ್ಯರ ಮೇಲೆ ಯಾರೂ ಸರಿಯಾಗಿ ನೋಡಿಲ್ಲ. ಕೆಲವು ಬೆರಕೆ ಒಂದಕ್ಕೊಂದು ನೆರವಾಗಬಹುದು, ಕೆಲವು ಅಡ್ಡಗಾಲು ಹಾಕಬಹುದು, ಕೆಲವು ಏನೂ ಮಾಡದೆ ಇರಬಹುದು. ಕಿಮೋ ಎರಡನೇ ಸಲ ತಾನಾಗೇ ಜೋರಾಗಿರಬಹುದು. ಆದ್ರೆ ನಮ್ಮಮ್ಮ ಆಗಿದ್ರೆ ಇವತ್ತೇ ನಿಲ್ಲಿಸ್ತಿದ್ದೆ. ಡಾಕ್ಟರಿಗೆ ಏಳೂ ಬಾಟ್ಲಿ ವಿಷಯ ಈಗ್ಲೇ ಹೇಳೋಣ, ಇಲ್ಲಿಂದಾನೇ ಫೋನ್ ಮಾಡಿ."

ಮಾಡಿದೆ. ಡಾಕ್ಟರು ಬೈದರು, ಬೈಸಿಕೊಂಡೆ. ಬಾಟಲಿಗಳೆಲ್ಲ ಬಂದ್, ಫೈಲಿನಲ್ಲಿರುವ ಹಳೆಯ ಬರೀ ಸಿಬಿಡಿ ಒಂದನ್ನು ಬೇಕಾದರೆ ಮೊದಲಿನ ಅಳತೆಯಲ್ಲೇ ಕೊಡಬಹುದು ಎಂದರು.

ಕಾರಿನಲ್ಲಿ ಗ್ಲೆನ್ನಾಳ ಮನೆಯ ಮುಂದೆ ಹತ್ತು ನಿಮಿಷ ಕೂತಿದ್ದೆ. ಎಣ್ಣೆ ಮಾಡಲು ತೊಡಗಿ ಆರು ವರ್ಷವಾಗಿತ್ತು. ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಒಳಗೆ ಹೋದಾಗ ಅವಳು ಕಿಟಕಿಯ ಬಳಿ ಹೊದಿಕೆ ಹೊದ್ದು ಕೂತಿದ್ದಳು. ಫ್ರಿಜ್ಜಿನಿಂದ ನನ್ನ ಬಾಟಲಿ ತೆಗೆದು, ಅವಳೆದುರೇ ಸಿಂಕಿಗೆ ಸುರಿದೆ.

"ಇದೇ ಇರ್ಬಹುದು ಗ್ಲೆನ್ನಾ. ನಂದೇ. ರಾಯ್ಸ್ ಹೇಳ್ದ."

ಅವಳು ಆಶ್ಚರ್ಯಪಡಲಿಲ್ಲ. ಹೊದಿಕೆಯ ಅಂಚನ್ನು ಸರಿ ಮಾಡಿಕೊಂಡಳು.

"ನಂಗೊತ್ತಿತ್ತು," ಎಂದಳು.

"ಏನ್ ಗೊತ್ತಿತ್ತು?"

"ಅದು ಕುಡಿದ್ಮೇಲೇ ಶುರುವಾಗೋದು ಅಂತ. ಹೊಸ ಬಾಟ್ಲಿ ಬಂದ ವಾರಾನೇ ಗೊತ್ತಾಯ್ತು. ಒಂದಿನ ನೀನು ಶೆಡ್ಡಿಗೆ ಹೋಗಿ ಬರೋದು ತಡ ಆಯ್ತು ನೋಡು, ಆವತ್ತು ಕುಡಿದಿರ್ಲಿಲ್ಲ. ಆವತ್ತು ಒಂದು ಮೊಟ್ಟೆ ಹೊಟ್ಟೇಲಿ ನಿಲ್ತು."

"ಮತ್ತೆ ಯಾಕ್ ಹೇಳ್ಲಿಲ್ಲ ನೀನು? ನಾನು ಎಲ್ರದೂ ತೆಗೀತಾ ಇದ್ನಲ್ಲ, ನೋಡ್ಕೊಂಡು ಕೂತಿದ್ಯಲ್ಲ!"

"ನೀನು ಅದನ್ನ ಹಿಡ್ಕೊಂಡು ಬಂದಾಗ ನಿನ್ನ ಮುಖ ನೀನು ನೋಡಿಲ್ಲ ಕಣೆ, ನಾನು ನೋಡಿದೀನಿ," ಎಂದಳು. "ನಂಗೆ ಗಡ್ಡೆ ಅಂದ ದಿನದಿಂದ ನೀನು ನಕ್ಕಿರ್ಲಿಲ್ಲ. ಆ ಬಾಟ್ಲಿ ಮಾಡಿದ್ಮೇಲೆ ನಕ್ಕೆ. ನಾನದನ್ನ ವಾಪಸ್ ಕೊಡ್ಲಾ?"

ಬಯ್ಯಬೇಕೆಂದು ಬಾಯಿ ತೆರೆದೆ. ಬಯ್ದೆ ಕೂಡ. ಮಂಕೇ, ಮೂರ್ಖಳೇ, ಸಾಯ್ತಿದ್ಯಲ್ಲೇ ಎಂದೆಲ್ಲ ಅಂದೆ. ಅವಳು ಶಾಲೆಯ ಮಕ್ಕಳನ್ನು ನೋಡುತ್ತಿದ್ದ ಹಾಗೆ ನನ್ನನ್ನು ನೋಡಿದಳು. ಕೊನೆಗೆ ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟೆ. ನನ್ನ ತಲೆಯ ಮೇಲೆ ಕೈ ಇಟ್ಟಳು, ಆ ಕೈಯಲ್ಲಿ ಭಾರವೇ ಇರಲಿಲ್ಲ.

ಶನಿವಾರ ಅವಳು ಅರ್ಧ ಬಟ್ಟಲು ಸಾರು ಕುಡಿದಳು, ಹೊಟ್ಟೆಯಲ್ಲಿ ಉಳಿಯಿತು. ಭಾನುವಾರ ಮಧ್ಯಾಹ್ನ ಏನಾದರೂ ಗಟ್ಟಿಯಾದದ್ದು ಬೇಕು ಎಂದಳು. ಫ್ರೀಜರಿನಲ್ಲಿ ಇದ್ದದ್ದು ಒಂದೇ ಬೋಗುಣಿ, ಕೋಳಿ ಮತ್ತು ಅನ್ನ ಸೇರಿಸಿ ಬೇಯಿಸಿದ್ದು. ತಳದ ಟೇಪಿನ ಮೇಲೆ ಬೀಸ್ಲಿ ಎಂದಿತ್ತು, ವನೀಟಾಳದು. ಬಿಸಿ ಮಾಡಿ ಕೊಟ್ಟೆ. ಎರಡು ಚಮಚ ತಿಂದಳು, ಕಾದಳು, ಮತ್ತೆರಡು ತಿಂದಳು. ಸೋಮವಾರ ಮೂರು ಹೊತ್ತೂ ಅದನ್ನೇ ಕೇಳಿದಳು. ನಾನು ಮಾಡಿದ ಮೊಟ್ಟೆಯನ್ನು ಮುಟ್ಟಲಿಲ್ಲ.

ಮಂಗಳವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ತೂಕದ ಯಂತ್ರ ಹತ್ತುವ ಮುಂಚೆ, "ಜೇಬಲ್ಲಿ ಕಾರಿನ ಕೀ ಇಟ್ಕೊಳ್ಲಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಅವಳ ಬೂಟನ್ನೂ ಬಿಚ್ಚಿಸಿದೆ. ನೂರೈದೂವರೆ. ನರ್ಸು ಬರೆದುಕೊಂಡು, ಅಂಗಿಯ ತೋಳು ಮಡಚಿಕೊಂಡು ಬನ್ನಿ ಎಂದು ಒಳಗೆ ಕರೆದೊಯ್ದಳು. ನನ್ನ ಬಾಟಲಿ ನಿಂತದ್ದರಿಂದಲೋ, ಕೆಟ್ಟ ದಿನಗಳು ತಾವಾಗಿ ಕಳೆದದ್ದರಿಂದಲೋ ಡಾಕ್ಟರಿಗೂ ಗೊತ್ತಿಲ್ಲ, ರಾಯ್ಸ್‌ಗೂ ಗೊತ್ತಿಲ್ಲ. ಮೂರನೆಯ ಸುತ್ತು ಶುರುವಾಯಿತು, ಅಷ್ಟು ಗೊತ್ತು.

ಮಾರನೆಯ ದಿನ ಬೋಗುಣಿ ತೊಳೆದು, ಒರೆಸಿ, ವನೀಟಾಳ ಮನೆಗೆ ಹೋದೆ. ಅವಳ ಬಾಟಲಿಯನ್ನೂ ಕೈಚೀಲದಿಂದ ತೆಗೆದು ಜೊತೆಗಿಟ್ಟುಕೊಂಡಿದ್ದೆ. ಬಾಗಿಲು ತೆರೆದವಳು ಜಾಲರಿಯ ಹಿಂದೆಯೇ ನಿಂತಳು.

"ಗ್ಲೆನ್ನಾ ಪೂರ್ತಿ ಖಾಲಿ ಮಾಡಿದ್ಲು," ಎಂದೆ.

"ಎಲ್ರೂ ಹಂಗೇ ಹೇಳೋದು."

"ಇದು ನಿಜ ವನೀಟಾ. ಎರಡು ದಿನ ಬರೀ ಇದನ್ನೇ ತಿಂದ್ಲು. ಇದ್ರಿಂದ್ಲೇ ತೂಕ ನಿಲ್ತು. ಅವಳಿಗೆ ಆಗದೆ ಇದ್ದಿದ್ದು ನಿನ್ನ ಬಾಟ್ಲಿ ಇರ್ಲಿಕ್ಕಿಲ್ಲ, ನಂದೇ ಇರ್ಬೇಕು. ಭಾನುವಾರ ಅದೇ ಮೆಟ್ಲ ಮೇಲೆ ನಿಂತ್ಕೊಂಡು ಎಲ್ರಿಗೂ ಹೇಳ್ತೀನಿ."

ಅವಳು ಜಾಲರಿ ಸರಿಸಿ ಬೋಗುಣಿ ಇಸಿದುಕೊಂಡಳು. ಅಭ್ಯಾಸದಂತೆ ತಿರುಗಿಸಿ ತಳ ನೋಡಿದಳು. ಟೇಪು ತೊಳೆದು ತೊಳೆದು ಹೆಸರು ಮಾಸಿತ್ತು.

"ಇನ್ನೊಂದು ಮಾಡ್ಲಾ?" ಎಂದಳು.

"ಮಾಡು," ಎಂದೆ. "ಬಾಟ್ಲಿ ಬೇಡ. ನಾನೂ ಕೊಡಲ್ಲ."