ಮುಂದ ತಿರುವು ಐತಿ

ನಾನು ಒಂದು ಬಸ್ಸಿನ ಕಂಬಿ. ಬೆಂಕಿಯಲ್ಲಿ ಕಾಯಿಸಿ, ಉದ್ದಕ್ಕೆ ಎಳೆದು, ಹೊಳಪು ಕೊಟ್ಟು ನನ್ನನ್ನು ಹುಟ್ಟಿಸಿದರು. ಆ ಹೊಳಪು ಎಷ್ಟು ದಿನ ಉಳಿದೀತು ಹೇಳಿ! ಗದಗ-ಬೆಟಗೇರಿ ಬಸ್ಸಿನ ಬಾಗಿಲ ಪಕ್ಕ ನಿಲ್ಲಿಸಿದ ಮೇಲೆ ಕಂಡಕಂಡವರ ಕೈಬೆವರೇ ನನಗೆ ಎಣ್ಣೆಸ್ನಾನವಾಯಿತು.

ಆ ಬಸ್ಸಿನ ಕಂಡಕ್ಟರ್ ಈರಬಸಪ್ಪ ಮುಂದಾಲೋಚನೆಯ ಮನುಷ್ಯ. ತಿರುವು ಬರುವ ಮೊದಲೇ ಕೂಗುತ್ತಿದ್ದ: “ಕಂಬಿ ಹಿಡ್ಕೊಂಡು ನಿಲ್ರಿ, ಮುಂದ ತಿರುವು ಐತಿ.” ಯಾರು ಕೇಳಬೇಕು! ಬಸ್ಸು ವಾಲಿದ ಮೇಲೆ ಎದ್ದೆನೋ ಬಿದ್ದೆನೋ ಎಂದು ನನ್ನನ್ನು ತಬ್ಬಿಕೊಳ್ಳುತ್ತಿದ್ದರು.

ಬಸ್ಸು ಗುಜರಿಗೆ ಹೋದ ವರ್ಷವೇ ಈರಬಸಪ್ಪನೂ ನಿವೃತ್ತನಾದ. ಗುಜರಿಯವನನ್ನು ಕಾಡಿ ಬೇಡಿ, ನನ್ನನ್ನು ಕೊಯ್ಯಿಸಿಕೊಂಡು, ಹೆಗಲ ಮೇಲೆ ಹೊತ್ತು ಮನೆಗೆ ತಂದ. ಹೆಂಡತಿ ಬಸವಣ್ಣೆವ್ವನಿಗೆ ಮೊಣಕಾಲು ನೋವು, ಎದ್ದು ನಿಂತರೆ ತಲೆಸುತ್ತು. ಬಚ್ಚಲಮನೆಯ ಗೋಡೆಗೆ ನನ್ನನ್ನು ಬಿಗಿದರೆ ಅವಳು ಹಿಡಿದುಕೊಂಡು ಏಳಬಹುದು, ಕೈಕಾಲು ಸೋತಾಗ ತನಗೂ ಆದೀತು ಎಂದುಕೊಂಡಿದ್ದ. ನನಗೋ, ಕುಲುಮೆ ತಪ್ಪಿತಲ್ಲ ಎಂದು ಹಿರಿಹಿರಿ ಹಿಗ್ಗು.

ಬಸವಣ್ಣೆವ್ವ ಸುತರಾಂ ಒಪ್ಪಲಿಲ್ಲ. ಮಗಳು ವಿಶಾಲಾಗೆ ಗಂಡು ಹುಡುಕುತ್ತಿದ್ದರು. ಹೆಣ್ಣು ನೋಡಲು ಬಂದ ಹೆಂಗಸರು ಕಾಲು ತೊಳೆಯುವ ನೆವದಲ್ಲಿ ಬಚ್ಚಲವರೆಗೂ ಹೋಗಿ ಮನೆಯನ್ನು ಅಳೆಯುವವರು.

“ಕಂಬಿ ಕಂಡ್ರ ಮನ್ಯಾಗ ರೋಗಿ ಅದಾರಂತ ತಿಳೀತಾರ. ನಾಳೆ ಸೊಸಿ ತವರಿಗೇ ಓಡತಾಳ ಅಂತಾರ. ಅಕಿ ಲಗ್ನ ಆಗ್ಲಿ, ಆಮ್ಯಾಲೆ ಹಾಕ್ರಿ,” ಎಂದಳು.

ಈರಬಸಪ್ಪ ತಂದಿದ್ದ ಸ್ಕ್ರೂಗಳನ್ನು ಎತ್ತಿಟ್ಟ. ನನ್ನನ್ನು ಬಚ್ಚಲ ಬಾಗಿಲ ಹಿಂದೆ ಒರಗಿಸಿದ.

ಒಂದು ಭಾನುವಾರ ರೋಣದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗನೂ ವಿಶಾಲಾಳೂ ನೆಂಟರ ಮದುವೆಯೊಂದರಲ್ಲಿ ನೋಡಿ ಒಪ್ಪಿಕೊಂಡಾಗಿತ್ತು, ಹಿರಿಯರು ಮನೆ ನೋಡುವುದಷ್ಟೇ ಬಾಕಿ. ಬಚ್ಚಲು ಫಳಫಳ ಹೊಳೆಯಬೇಕೆಂದು ಬಸವಣ್ಣೆವ್ವ ಸೋಪಿನ ಪುಡಿ ಸುರಿದು, ಕೂತು ತಿಕ್ಕಿದಳು. ಏಳುವಾಗ ತಲೆ ತಿರುಗಿತು. ಗೋಡೆಗೆ ಕೈ ಕೊಟ್ಟಳು, ನುಣ್ಣನೆಯ ಟೈಲ್ಸ್ ಮೇಲೆ ಕೈ ಜಾರಿತು. ಧೊಪ್ಪೆಂದ ಸದ್ದು ಬಾಗಿಲ ಹಿಂದಿದ್ದ ನನಗೇ ಮೊದಲು ಕೇಳಿಸಿತು. ಅಷ್ಟು ಹತ್ತಿರದಲ್ಲಿದ್ದೂ ನಾನು ಉಪಯೋಗಕ್ಕೆ ಬರಲಿಲ್ಲ. ಎಂಥ ದರಿದ್ರ ಬಾಳು ನನ್ನದು!

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಕರೆತಂದ ಮೇಲೆ ರೋಣದವರು ಬಂದರು, ಮಂಚದ ಪಕ್ಕ ಕೂತು ಮರುಗಿದರು, ಚಹಾ ಕುಡಿದರು. ವಾರ ಕಳೆಯುವುದರೊಳಗೆ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ತಾಯಿಯ ಆರೈಕೆ ಒಬ್ಬಳೇ ಮಗಳ ಪಾಲಿಗೆ ಬರುತ್ತದೆ, ಅವಳ ಜೀವವೆಲ್ಲ ಇಲ್ಲೇ ಇರುತ್ತದೆ ಎಂದರಂತೆ. ಆಮೇಲೆ ಬಂದವರೂ ಮಂಚ ನೋಡಿ ಹಿಂದಿರುಗಿದರು. ಕೊನೆಗೆ ಬರುವವರೇ ಇಲ್ಲವಾದರು.

ನನ್ನನ್ನು ಗೋಡೆಗೆ ಬಿಗಿದದ್ದು ಆಗ. ಮುಚ್ಚಿಡುವುದಕ್ಕೆ ಇನ್ನೇನು ಉಳಿದಿತ್ತು? ಸ್ಕ್ರೂ ತಿರುಗಿಸುತ್ತಲೇ ಈರಬಸಪ್ಪ ಗೊಳೋ ಎಂದು ಅತ್ತ. ಆದರೆ ಬಸವಣ್ಣೆವ್ವ ಮತ್ತೆ ಎದ್ದು ನಿಲ್ಲಲೇ ಇಲ್ಲ. ವಿಶಾಲಾ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೆ ಎಳೆದು ತರುತ್ತಿದ್ದಳು. ನೀರು ಹಾಕುವಾಗ ಮುದುಕಿ ನನ್ನತ್ತ ಕೈ ಚಾಚುತ್ತಿದ್ದಳು. ಬೆರಳು ತಾಗುತ್ತಿತ್ತು, ಹಿಡಿಯಲು ಬಲವಿರಲಿಲ್ಲ.

“ನನ್ನ ಸಲುವಾಗಿ ನಿನ್ನ ಬಾಳೇವು ಹಾಳಾತಲ್ಲ, ನನ್ನವ್ವಾ,” ಎಂದಳು ಒಂದು ದಿನ.

“ಸುಮ್ನಿರಬೇ ಯವ್ವಾ. ಕಣ್ಣಾಗ ಸೋಪ ಹೋಗತೈತಿ,” ಎಂದಳು ವಿಶಾಲಾ. ಅವಳ ಕಣ್ಣೂ ಕೆಂಪಗಿತ್ತು.

ಮೊದಲು ಈರಬಸಪ್ಪ ಹೋದ. ಎಷ್ಟೋ ವರ್ಷ ನರಳಿ ಬಸವಣ್ಣೆವ್ವನೂ ಹೋದಳು. ಅಷ್ಟರಲ್ಲಿ ವಿಶಾಲಾಳ ತಲೆ ನರೆತಿತ್ತು. ತಾಯಿಯನ್ನು ಎತ್ತಿ ಇಳಿಸಿ ಅವಳ ನಡುವೂ ಬಾಗಿತ್ತು. ಈಗ ಅದೇ ಮನೆಯಲ್ಲಿ ಒಬ್ಬಳೇ ಕೂತು ಓಣಿಯ ಹೆಂಗಸರ ಸೀರೆಗಳಿಗೆ ಜಂಪರ್ ಹೊಲಿಯುತ್ತಾಳೆ. ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಎಂದು ಪಕ್ಕದ ಮನೆಯ ಕಲ್ಲವ್ವ ಕೇಳಿದರೆ ನಕ್ಕು ಮಾತು ತೇಲಿಸುತ್ತಾಳೆ.

ನನಗೂ ವಯಸ್ಸಾಯಿತು. ನೀರು ಕುಡಿದು ಕುಡಿದು ಕೆಳಗಿನ ಸ್ಕ್ರೂಗಳು ತುಕ್ಕು ಹಿಡಿದು ಸಡಿಲಾಗಿವೆ, ಹಿಡಿದರೆ ಅಲುಗಾಡುತ್ತೇನೆ. ಅದು ಅವಳಿಗೂ ಗೊತ್ತು. ಯಾರನ್ನಾದರೂ ಕರೆಸಿ ಬಿಗಿಸು ಎಂದು ಕಲ್ಲವ್ವ ಬೈದಳು. “ಒಬ್ಬಾಕಿ ಇರೋ ಮನಿ, ಬಚ್ಚಲಕ್ಕ ಗಂಡಸರನ್ನ ಕರದ್ರ ಮಂದಿ ಏನಂದಾರು? ನೋಡೂಣು, ಮುಂದ,” ಎಂದಳು ವಿಶಾಲಾ.

ತಾಯಿಯದೇ ಮಾತು! ನನಗೆ ಎದೆ ಎಂಬುದಿದ್ದರೆ ಒಡೆದೇಹೋಗುತ್ತಿತ್ತು. ಮುಂದೆ ತಿರುವು ಇದೆ ಎಂದು ಕೂಗಿ ಹೇಳುವವನು ಇಲ್ಲ, ನನಗೆ ಬಾಯಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ನನ್ನನ್ನೇ ನಂಬಿ, ಮೈಭಾರವನ್ನೆಲ್ಲ ನನ್ನ ಮೇಲೆ ಹಾಕಿ ಅವಳು ಏಳುತ್ತಾಳೆ.